ಜಯಶೀಲಾ ಮೇಡಂ ಆಡಿಸಿದ ಆಫ್ರಿಕಾ ನಾಟಕ

ಜಯಶೀಲಾ ಮೇಡಂಗೆ ಸಿಟ್ಟು ಬಂದಷ್ಟೂ ಅವರ ಬಾಯಲ್ಲಿ ಮರ್ಯಾದೆ ಹೆಚ್ಚುತ್ತಿತ್ತು. ಖುಷಿಯಲ್ಲಿದ್ದಾಗ ನಾನು ‘ಲೋ ಮಾದೇಶ’. ಬೇಸರವಾದರೆ ಬರೀ ‘ಮಾದೇಶ’. ‘ಮಾದೇಶ್ ಅವರೇ, ದಯವಿಟ್ಟು ಇತ್ತ ಬರ್ತೀರಾ?’ ಅಂದರೆ ಆ ದಿನ ನನ್ನ ಕಥೆ ಮುಗಿದಂತೆ. ನಾಟಕದ ತಾಲೀಮು ನಡೆದ ಆ ಬೇಸಿಗೆಯಲ್ಲಿ ನಾನು ಬಹುಪಾಲು ‘ಮಾದೇಶ್ ಅವರೇ’ ಆಗಿಯೇ ಇದ್ದೆ.

ಅವರು ನಮ್ಮ ಮೂಗೂರಿನವರೇ. ನಂಜನಗೂಡಿನ ಹೈಸ್ಕೂಲೊಂದರಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದರು. ಮದುವೆಯಾಗಿರಲಿಲ್ಲ, ಯಾಕೆಂದು ಕೇಳುವ ಧೈರ್ಯ ಊರಲ್ಲಿ ಯಾರಿಗೂ ಇರಲಿಲ್ಲ. ಭಾನುವಾರ ಬೆಳಿಗ್ಗೆ ನರಸೀಪುರದಲ್ಲಿ ಬಸ್ಸು ಬದಲಿಸಿ ಬಂದು, ಮನೆಗೂ ಹೋಗದೆ ನೇರವಾಗಿ ನಮ್ಮ ಬೀದಿಯ ಸಮುದಾಯ ಭವನದ ಬೀಗ ತೆಗೆಸುತ್ತಿದ್ದರು. ಯಾರು ಎಲ್ಲಿ ನಿಲ್ಲಬೇಕೆಂದು ಛತ್ರಿಯ ತುದಿಯಿಂದ ನೆಲದ ಮೇಲೆ ಗೆರೆ ಎಳೆಯುತ್ತಿದ್ದರು. ಸಿಮೆಂಟು ನೆಲದಲ್ಲಿ ಗೆರೆ ಎಲ್ಲಿ ಮೂಡೀತು? ನಾವು ತಪ್ಪಿ ನಿಂತರೆ, “ಗೆರೆ ಕಾಣ್ತಿಲ್ವಾ?” ಎಂದು ಗದರುತ್ತಿದ್ದರು.

ಪ್ರತಿ ಬುದ್ಧ ಪೂರ್ಣಿಮೆಗೂ ನಮ್ಮಲ್ಲಿ ಭಾಷಣ, ಆಮೇಲೆ ಊಟ. ಆ ವರ್ಷ ನಾಟಕ ಆಡೋಣ ಎಂದವರು ಅವರೇ. ತಂದದ್ದು ಘಾನಾ ದೇಶದ ನಾಟಕ. ಇಂಗ್ಲಿಷಿನಿಂದ ನಮ್ಮ ಮಾತಿಗೆ ತಾವೇ ತಂದಿದ್ದರು. ಹುಡುಗಿಯೊಬ್ಬಳು ದೊಡ್ಡವಳಾಗುತ್ತಾಳೆ. ಅಲ್ಲಿಯ ಪದ್ಧತಿಯಂತೆ ಅವಳನ್ನು ಊರಾಚೆಯ ಗುಡಿಸಲಲ್ಲಿ ಕೂರಿಸುತ್ತಾರೆ. ಯಾಕೆ ಎಂದು ಅವಳು ಒಬ್ಬೊಬ್ಬರನ್ನಾಗಿ ಕೇಳುತ್ತಾ ಹೋಗುತ್ತಾಳೆ. ಇಷ್ಟೇ ನಾಟಕ. ನಾನು ಅವಳ ಸೋದರಮಾವ. ಅಜ್ಜಿಯ ಪಾತ್ರಕ್ಕೆ ನಮ್ಮ ಬೀದಿಯ ಪುಟ್ಟತಾಯಮ್ಮ. ಹುಡುಗಿ ಏಳನೇ ಕ್ಲಾಸಿನ ಸಹನಾ. ಒಮ್ಮೆ ಹೇಳಿಕೊಟ್ಟರೆ ಸಾಕು, ಮರೆಯುತ್ತಿರಲಿಲ್ಲ. ಮೇಡಂ ‘ಲೇ ಕೂಸೇ’ ಎಂದು ಕರೆಯುತ್ತಿದ್ದುದು ಅವಳೊಬ್ಬಳನ್ನೇ.

ಉಳಿದ ನಮ್ಮಿಂದ ಅವರಿಗೆ ಬರೀ ತಲೆನೋವು. ನನಗೆ ಕಾರ್ಖಾನೆಯ ಶಿಫ್ಟು. ಊರಿನ ಮುಖಂಡನ ಪಾತ್ರದವನು ವಾರಕ್ಕೊಂದು ಮದುವೆಗೆ ಹೋಗುತ್ತಿದ್ದ. ಪುಟ್ಟತಾಯಮ್ಮನಿಗೆ ಮಾತು ನೆನಪಲ್ಲಿ ನಿಲ್ಲುತ್ತಿರಲಿಲ್ಲ. ಇದರ ಮೇಲೆ ಮೇಕಪ್ಪಿನವನು ನಂಜನಗೂಡಿನಿಂದ ಡಬ್ಬಿ ತುಂಬ ಕಪ್ಪು ಬಣ್ಣ ಹೊತ್ತು ತಂದ.

“ಆಫ್ರಿಕಾದೋರು ಅಂದ್ಮೇಲೆ ಬಳೀಲೇಬೇಕಲ್ವಾ ಮೇಡಂ?” ಅಂದ.

“ದಯವಿಟ್ಟು ತಾವು ಹೊರಡಿ,” ಎಂದರು ಮೇಡಂ. “ಅವರು ದಿನಾ ಎದ್ದು ಬಣ್ಣ ಬಳ್ಕೊಂಡು ತಿರುಗಾಡಲ್ಲ. ಅವರ ಮನೇಲೂ ಅತ್ತೆ ಇದ್ದಾಳೆ, ಅವ್ವ ಇದ್ದಾಳೆ. ನಮ್ಮ ಮುಖದಲ್ಲೇ ಆಡ್ತೀವಿ.”

ನಾಟಕಕ್ಕೆ ಹತ್ತು ಹನ್ನೆರಡು ದಿನವಿದೆ ಎನ್ನುವಾಗ ಸಹನಾ ತಾಲೀಮಿಗೆ ಬರಲಿಲ್ಲ. ಮೇಡಂ ನನ್ನನ್ನೂ ಕರೆದುಕೊಂಡು ಅವಳ ಮನೆಗೆ ಹೋದರು. ಜಗುಲಿಯ ಮೂಲೆಯಲ್ಲಿ ಹಸಿ ತೆಂಗಿನ ಗರಿಯ ಗುಡ್ಲು. ಒಳಗೆ ಚಾಪೆಯ ಮೇಲೆ ಸಹನಾ. ಹಿಂದಿನ ದಿನ ಮೈನೆರೆದಿದ್ದಳು. ಗರಿಗಳನ್ನು ನೋಡುತ್ತಲೇ ನನಗೆ ಗುರುತು ಸಿಕ್ಕಿತು. ನಾಟಕಕ್ಕೆಂದು ನಾವೇ ಹೆಣೆದು ಭವನದ ಹಿಂದೆ ಒರಗಿಸಿಟ್ಟಿದ್ದವು. ಅವಳ ನಿಜವಾದ ಸೋದರಮಾವ ಗುಡ್ಲು ಕಟ್ಟಲೆಂದು ಎತ್ತಿಕೊಂಡು ಬಂದಿದ್ದ.

ಅವಳಪ್ಪ ರಾಜಣ್ಣ ತಾಲ್ಲೂಕು ಆಫೀಸಿನ ನೌಕರ. ಕುರ್ಚಿ ತಂದು ಹಾಕಿದ. ಮೇಡಂ ಕೂರಲಿಲ್ಲ.

“ರಾಜಣ್ಣನವರೇ, ತಾವು ಓದಿದವರು.”

“ಓದಿವ್ನಿ ಮೇಡಂ. ಆದ್ರೆ ನಮ್ಮವ್ವ ಅವ್ಳೆ, ನೆಂಟ್ರು ಅವ್ರೆ. ಆರತಿ ಆಗೋಗಂಟ ಒರಗೆ ಕಳ್ಸಕಾಗಲ್ಲ. ನಾಟ್ಕ ಮುಂದಿನ್ ವರ್ಷಾನೂ ಆಡ್ಬೋದು. ಇದು ಒಂದೇ ಸಲ ಬರದು.”

“ಆ ಹುಡುಗೀನ ಕೇಳಿದ್ರಾ?”

“ಅದ್ನೇನ್ ಕೇಳದು, ಮಕ್ಳುನ್ನ?”

ಮೇಡಂ ಗರಿಯ ಸಂದಿಯಿಂದ ಒಳಗೆ ನೋಡಿದರು. ಸಹನಾ ತಲೆ ಎತ್ತಲಿಲ್ಲ. ಮೇಡಂ ಅಲ್ಲಿಂದ ಸರಸರನೆ ಹೊರಟರು. ಭವನದ ಬಾಗಿಲಲ್ಲಿ ನಿಂತು, “ನನ್ನ ಕ್ಲಾಸಲ್ಲಿ ಇದನ್ನೆಲ್ಲ ಬೋರ್ಡ್ ಮೇಲೆ ಬರೆದು ಹೇಳಿಕೊಡ್ತೀನಿ. ಮಕ್ಕಳು ಬರ್ಕೋತಾರೆ, ಪರೀಕ್ಷೇಲಿ ಮಾರ್ಕ್ಸು ತಗೋತಾರೆ. ಮನೇಗೆ ಬಂದ್ರೆ ಇದು,” ಎಂದರು.

ಬೇರೆ ಹುಡುಗಿಗಾಗಿ ಮನೆಮನೆಗೆ ಅಲೆದೆವು. ಒಬ್ಬರೂ ಕಳಿಸಲಿಲ್ಲ. ಕೊನೆಗೆ ಹುಡುಗಿಯ ಪಾತ್ರವನ್ನು ಮೇಡಮ್ಮೇ ಹಾಕಿದರು. ಐವತ್ತು ದಾಟಿದವರು, ಅರ್ಧ ತಲೆ ನೆರೆತಿತ್ತು. ರಿಬ್ಬನ್ ಕಟ್ಟಿ ಎರಡು ಜಡೆ ಇಳಿಬಿಟ್ಟು ಬಂದು ನಿಂತಾಗ ಭವನಕ್ಕೆ ಭವನವೇ ನಕ್ಕಿತು. ಹುಡುಗರು ಶಿಳ್ಳೆ ಹೊಡೆದರು. ಅವರು ನಗು ಮುಗಿಯುವವರೆಗೆ ಕಾದು, ಮಾತು ಶುರು ಮಾಡಿದರು.

ಗುಡಿಸಲ ಬಾಗಿಲಿಗೆ ಅಜ್ಜಿ ಅನ್ನ ತಂದಿಡುವ ದೃಶ್ಯ. “ನನ್ನನ್ನ ಯಾಕೆ ಹೊರಗೆ ಕೂರಿಸಿದ್ದೀಯ ಅಜ್ಜಿ?” ಎಂದು ಮೇಡಂ ಕೇಳಿದರು. ಪುಟ್ಟತಾಯಮ್ಮ ಹೇಳಬೇಕಾದ್ದು, ದೇವರು ಮುನಿಯುತ್ತಾನೆ ಎಂಬ ಮಾತು. ಆಕೆ ಅದನ್ನು ಹೇಳಲಿಲ್ಲ. ತಟ್ಟೆ ಕೆಳಗಿಟ್ಟು, “ನನ್ನೂ ಕೂರ್ಸಿದ್ರು ಮಗ. ಯಾಕೆ ಅಂತ ನಾನು ಕೇಳ್ನಿಲ್ಲ. ಕೇಳ್ಬೋದು ಅಂತ್ಲೇ ಗೊತ್ತಿರ್ನಿಲ್ಲ,” ಎಂದಳು.

ಹೆಂಗಸರ ಕಡೆ ಪಿಸುಮಾತು ನಿಂತಿತು. ಸಹನಾಳ ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು.

ಆದರೆ ಆ ಗುಂಗು ಕೊನೆತನಕ ಉಳಿಯಲಿಲ್ಲ. ಕೊನೆಯ ದೃಶ್ಯದಲ್ಲಿ ಹುಡುಗಿ ಗರಿ ಸರಿಸಿಕೊಂಡು ಈಚೆ ಬರಬೇಕು. ಗರಿ ಹೋದ ಮೇಲೆ ಅವಸರದಲ್ಲಿ ಇನ್ನೊಂದು ಗುಡಿಸಲು ಕಟ್ಟಿದ್ದೆವಲ್ಲ, ಮೇಡಂ ಕೈ ಇಟ್ಟದ್ದೇ ತಡ, ಅದು ಅವರ ಮೇಲೆಯೇ ಕುಸಿಯಿತು. ನಾನೂ ಮುಖಂಡನೂ ಓಡಿ ಹೋಗಿ ಎಳೆದೆವು. ಜನ ಹೊಟ್ಟೆ ಹಿಡಿದು ನಕ್ಕು ಊಟಕ್ಕೆದ್ದರು.

“ಪುಟ್ಟತಾಯಮ್ಮನವರೇ, ಬರೆದ ಮಾತು ಹೇಳೋಕೆ ತಮಗೇನು ಕಷ್ಟವಾಗಿತ್ತು?” ಎಂದು ಮೇಡಂ ಅಲ್ಲೇ ರೇಗಿದರು. ಆ ಮುದುಕಿ, “ಬಾಯ್ಗೆ ಬಂದ್ಬುಡ್ತು ಕಣವ್ವ,” ಎಂದಳು. ಮೇಡಂ ಊಟ ಮಾಡದೆ ಬಸ್ಸು ಹತ್ತಿದರು. ಮುಂದಿನ ವಾರ ನಡೆದ ಸಹನಾಳ ಆರತಿಗೂ ಬರಲಿಲ್ಲ.

ನಿವೃತ್ತಿಯಾದ ಮೇಲೆ ನಂಜನಗೂಡಿನಲ್ಲೇ ಉಳಿದರು. ನಾನು ಕೊನೆಯ ಸಲ ನೋಡಲು ಹೋದಾಗ ಕಾಯಿಲೆಯಿಂದ ಇಳಿದುಹೋಗಿದ್ದರು. “ಅದನ್ನ ಇನ್ನೊಂದ್ಸಲ ಆಡ್ಬೇಕು ಕಣೋ. ಆವತ್ತು ಆಡಿದ್ದು ನಾಟಕವೇ ಅಲ್ಲ. ಒಂದು ಹುಡುಗಿ ಹುಡುಕು,” ಎಂದರು. ಹುಡುಕಿದೆ. ಮೂಗೂರಿನಲ್ಲಿ ಕೇಳಿದೆ, ಹದಿನಾರು ಎಂಬ ಊರಿನಲ್ಲೂ ಕೇಳಿದೆ. ‘ನೋಡುವ’ ಎಂದವರೇ ಎಲ್ಲ. ಹುಡುಗಿ ಸಿಗುವ ಮೊದಲೇ ಮೇಡಂ ಹೋದರು.

ಅವರಿಗೆ ನುಡಿನಮನ ಇಟ್ಟುಕೊಂಡದ್ದೂ ಅದೇ ಭವನದಲ್ಲಿ. ಸಹನಾ ಬಂದಿದ್ದಳು; ಈಗ ಮೈಸೂರಿನಲ್ಲಿ ಡಿಗ್ರಿ ಓದುತ್ತಾಳೆ. ಎಲ್ಲ ಮುಗಿದು ಕುರ್ಚಿ ಮಡಚುತ್ತಿದ್ದಾಗ ಹತ್ತಿರ ಬಂದು ನಿಂತಳು.

“ಅಣ್ಣ, ಆ ನಾಟಕದ ಕೊನೇಲಿ ಏನಾಗುತ್ತೆ? ಕೊನೇ ಸೀನು ಹೇಳ್ಕೊಡೋಷ್ಟ್ರಲ್ಲಿ ನನ್ನ ಕೂರ್ಸಿಬಿಟ್ರು. ಆಮೇಲೆ ಯಾರನ್ನ ಕೇಳಿದ್ರೂ ಗುಡ್ಲು ಬಿದ್ದಿದ್ದೇ ಹೇಳಿ ನಗ್ತಾರೆ.”

“ಹುಡುಗಿ ಆಚೆ ಬರ್ತಾಳೆ ಕಣವ್ವ.”

“ಯಾರು ಕರೀತಾರೆ?”

“ಯಾರೂ ಕರೆಯಲ್ಲ. ಅವಳೇ ಬರ್ತಾಳೆ.”

ಹೇಗೆ ಬರುತ್ತಾಳೆ ಎಂದು ಕೇಳಿದಳು. ನನಗೆ ತೋರಿಸಲು ಬರಲಿಲ್ಲ. ಅದು ಮೇಡಂಗೆ ಮಾತ್ರ ಗೊತ್ತಿತ್ತು.