ದೊಡ್ಡಕ್ಷರದ ದಿನಗಳು

ಹೋದ ವಾರ ಹುಮನಾಬಾದಿನ ನನ್ನ ಝೆರಾಕ್ಸ್ ಅಂಗಡಿಯ ಬಾಗಿಲು ತೆಗೆದು ಕಂಪ್ಯೂಟರ್ ಹಚ್ಚಿದರೆ, ಅದು ನನ್ನನ್ನು ಒಂದು ಮಾತೂ ಕೇಳದೆ ಹೊಸದಾಗಿ ಕೂತಿತ್ತು. ಅಪ್‌ಡೇಟ್ ಆಗುವ ಚಟ ಈ ಯಂತ್ರಗಳಿಗಿದೆ, ನಿಮಗೂ ಗೊತ್ತಿರಬೇಕು. ನಿನ್ನೆಯವರೆಗೆ ಜೋಳದ ಕಾಳಿನಷ್ಟಿದ್ದ ಅಕ್ಷರಗಳು ಬೋರೆಹಣ್ಣಿನಷ್ಟಾಗಿದ್ದವು. ನನ್ನ ಜೊತೆ ಕೆಲಸ ಮಾಡುವ ರೇಖಾ ನೋಡಿ ನಕ್ಕಳು. "ಡ್ರೈವರ್ ಹೋಗ್ಯಾದ್ರಿ ಅಕ್ಕಾ. ಈಗ ಸರಿ ಮಾಡ್ತೀನಿ" ಎಂದಳು. ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ, ಅವಸರದ ಕೆಲಸವೂ ಇರಲಿಲ್ಲ. ಆದರೂ ನಾನು ಕುರ್ಚಿಯನ್ನು ಹಿಂದೆ ಸರಿಸಿಕೊಂಡೆ. ಇಂಥವೇ ದಪ್ಪ ಅಕ್ಷರಗಳನ್ನು ಹಿಂದೊಮ್ಮೆ ಬಸವಕಲ್ಯಾಣದಲ್ಲಿ ನೋಡಿದ್ದೆ. ಅವುಗಳ ಎದುರು ಕೂತಿದ್ದವರು ಶಾಹೀನ್ ಆಪಾ.

ನಾನು ಹುಟ್ಟಾ ಅಂಜುಬುರುಕಿ ಎಂದು ಮೊದಲೇ ಹೇಳಿಬಿಡುತ್ತೇನೆ. ಹಲ್ಲಿಗೆ ಅಂಜುತ್ತೇನೆ, ಲಿಫ್ಟಿಗೆ ಅಂಜುತ್ತೇನೆ, ಬಸ್ಸಿನಲ್ಲಿ ಕಂಡಕ್ಟರು ಚಿಲ್ಲರೆ ಕೇಳಿದರೂ ಎದೆ ಧಸಕ್ಕೆನ್ನುತ್ತದೆ. ಇಂಥವಳನ್ನು ನಂಬಿ, ಎರಡು ಸಾವಿರದ ನಾಲ್ಕೋ ಐದೋ ಇರಬೇಕು, ಬಸವಕಲ್ಯಾಣದ ಕೋಟೆ ಕಡೆಯ ರಸ್ತೆಯಲ್ಲಿದ್ದ ಒಂದು ಪ್ರೆಸ್ಸಿನ ಮಾಲಕರು ತಮ್ಮ ಏಕೈಕ ಕಂಪ್ಯೂಟರನ್ನು ಒಪ್ಪಿಸಿದ್ದರು. ಅವರ ಹೆಸರು ಕಾಶಪ್ಪ. ನನ್ನ ಹತ್ತಿರ ಒಂದು ಕೋರ್ಸಿನ ಸರ್ಟಿಫಿಕೇಟು ಇತ್ತು, ಅವರ ಹತ್ತಿರ ಅದೂ ಇರಲಿಲ್ಲ. ದಿನಾ ಹುಮನಾಬಾದಿನಿಂದ ಬಸ್ಸಿನಲ್ಲಿ ಹೋಗಿ, ಯಂತ್ರ ಇವತ್ತಾದರೂ ಸುಮ್ಮನೆ ನಡೆಯಲಪ್ಪಾ ಎಂದು ಬೇಡಿಕೊಂಡೇ ಅದರ ಗುಂಡಿ ಒತ್ತುತ್ತಿದ್ದೆ.

ಯಂತ್ರ ನೋಡಿಕೊಳ್ಳುವುದು ನನ್ನ ಪಾಲು, ಅದರ ಮೇಲೆ ಅಕ್ಷರ ಜೋಡಿಸುವ ಕೆಲಸ ಆಪಾ ಅವರದು. ನಲವತ್ತೈದು ದಾಟಿದ ಹೆಂಗಸು. ಹುಲಸೂರ ಕಡೆಯ ಮರಾಠಿ ಲಗ್ನಪತ್ರಿಕೆ, ನಿರ್ಣಾ ಊರಿನವರ ಕನ್ನಡ ಪತ್ರಿಕೆ, ಊರೊಳಗಿನ ಉರ್ದು ಶಾದಿ ಕಾರ್ಡು, ಎಲ್ಲವೂ ಅವರ ಕುರ್ಚಿಯಿಂದಲೇ ಹೊರಡುತ್ತಿದ್ದವು. ಅವರಿಗೊಂದು ರೂಢಿಯಿತ್ತು. ಮದುಮಗಳ ಹೆಸರು ಟೈಪ್ ಮಾಡಿದ ಮೇಲೆ ಕೈ ಎತ್ತಿ, ಪರದೆಗೇ ಹೇಳಿದಂತೆ "ಸುಖದಿಂದ ಇರವ್ವಾ" ಎನ್ನುತ್ತಿದ್ದರು. ಹಿಂದೂ ಮುಸ್ಲಿಂ ಭೇದವಿಲ್ಲದೆ, ಮುಖ ನೋಡದ ಎಷ್ಟೋ ಹುಡುಗಿಯರಿಗೆ ಆಶೀರ್ವಾದ ಮಾಡಿದ ಕೈ ಅದು. ನನ್ನ ಲಗ್ನದ ಪತ್ರಿಕೆಯನ್ನೂ ಅವರೇ ಜೋಡಿಸಿದ್ದರು. ಆಗ ಎರಡು ಸಲ ಹೇಳಿದ್ದರು.

ಈ ದೊಡ್ಡಕ್ಷರದ ಕತೆ ನಡೆದ ವರ್ಷ ಮಾತ್ರ ಅವರು ಹಾಗೆ ಹೇಳುವುದು ನಿಂತಿತ್ತು. ನಾನದನ್ನು ಗಮನಿಸಿದ್ದರೂ ಏನೆಂದು ಕೇಳಿರಲಿಲ್ಲ. ಪತ್ರಿಕೆಗಳಲ್ಲಿ ತಪ್ಪುಗಳೂ ಹೆಚ್ಚಾಗಿದ್ದವು. ಒಂದರಲ್ಲಿ ವರನ ತಂದೆಯ ಹೆಸರಿರಬೇಕಾದಲ್ಲಿ ವರನ ಮಾವನ ಹೆಸರು ಬಂದು, ಬೀಗರಿಬ್ಬರೂ ಪ್ರೆಸ್ಸಿಗೇ ಬಂದು ಜಗಳ ತೆಗೆದರು. ಅವರು ಹೋದ ಮೇಲೆ ಕಾಶಪ್ಪನವರು ಗೋಡೆಯ ಕಡೆ ನೋಡುತ್ತ, "ಇನ್ನೊಮ್ಮೆ ಹಿಂಗಾದ್ರ ಟೈಪ್ ಮಾಡೋರ್ನ ಬದಲಸ್ಬೇಕಾಗ್ತದ" ಎಂದರು. ಬೈಗುಳ ಗೋಡೆಗೆ ಬಿದ್ದಿದ್ದರೂ ಬಿಳಿಚಿಕೊಂಡದ್ದು ಆಪಾ.

ಅದೇ ಹೊತ್ತಿಗೆ ಹೊಸ ಫಾಂಟುಗಳು ಬೇಕೆಂದು ಮಾಲಕರು ಕರೆಸಿದ್ದ ಹುಮನಾಬಾದಿನ ಕಂಪ್ಯೂಟರ್ ಅಂಗಡಿಯವನೊಬ್ಬ ಬಂದು, ಹಳೆಯ ಆಪರೇಟಿಂಗ್ ಸಿಸ್ಟಂ ತೆಗೆದು ಹೊಸದು ಕೂರಿಸಿ ಹೋದ. ಮರುದಿನ ನೋಡಿದರೆ ಪರದೆಯ ಮೇಲೆ ಇಟ್ಟಿಗೆಗಳಂಥ ಚಿತ್ರಗಳು, ಗೋಡೆಬರಹದಂಥ ಅಕ್ಷರಗಳು. ಬಣ್ಣಗಳೆಲ್ಲ ಕುಂಕುಮ, ಅರಿಶಿನ, ನೀಲಿ ಎಂದು ಒರಟಾಗಿ ಬೇರೆಬೇರೆಯಾಗಿದ್ದವು. ಪತ್ರಿಕೆ ತೆರೆದರೆ ಗಣಪತಿಯ ಸೊಂಡಿಲು ಕಂಡರೆ ಹೊಟ್ಟೆ ಕಾಣದು. ಚಿತ್ರ ತೋರಿಸುವ ಕಾರ್ಡಿಗೂ ಹೊಸ ಸಿಸ್ಟಮಿಗೂ ಪರಿಚಯ ಮಾಡಿಸುವ ಡ್ರೈವರ್ ಇಲ್ಲ ಎಂಬುದಷ್ಟು ತಿಳಿಯಿತು. ಅದಿರುವ ಸಿ.ಡಿ. ನಮ್ಮಲ್ಲಿರಲಿಲ್ಲ. ಲಗ್ನದ ಸುಗ್ಗಿ ಬೇರೆ.

ಆಶ್ಚರ್ಯವೆಂದರೆ ಆಪಾ ಅವತ್ತು ಗೊಣಗಲಿಲ್ಲ. ಅರ್ಧರ್ಧವೇ ಕಾಣುವ ಪತ್ರಿಕೆಯನ್ನು ಮೇಲೆ ಕೆಳಗೆ ಸರಿಸಿಕೊಳ್ಳುತ್ತ ಭರಭರ ಟೈಪ್ ಮಾಡಿದರು. ಮೂರು ನಾಲ್ಕು ದಿನ ಹಾಗೇ ನಡೆಯಿತು, ಒಂದು ತಪ್ಪೂ ಬರಲಿಲ್ಲ. ನಡುವೆ ಒಮ್ಮೆ "ಸುಖದಿಂದ ಇರವ್ವಾ" ಎಂದದ್ದೂ ಕಿವಿಗೆ ಬಿತ್ತು.

"ಇದ ಛಲೋ ಅದ ಬಿಡು ತಂಗಿ. ಯಾಕ ತಲಿ ಕೆಡಿಸ್ಕೊಳ್ಳಾಕತ್ತಿ?" ಎಂದರು. ನನ್ನ ಅಂಜಿಕೆ ನೋಡಿ ಸಮಾಧಾನ ಹೇಳುತ್ತಿದ್ದಾರೆ ಎಂದುಕೊಂಡೆ. ನಾವು ಅಂಜುಬುರುಕರಿಗೆ ಲೋಕದ ಮಾತೆಲ್ಲ ನಮ್ಮ ಬಗ್ಗೆಯೇ ಇದ್ದಂತೆ ಕೇಳಿಸುತ್ತದೆ.

ಹುಮನಾಬಾದಿನ ಅಂಗಡಿಯವನು ಸಿ.ಡಿ. ಕೊಟ್ಟು ಬಿಡಿಸಿ ಹೇಳಿದ. "ನಡು ಪರದಾ ಕರ್ರಗಾಗ್ತದ, ಅಂಜಬ್ಯಾಡ್ರಿ. ಅಕ್ಷರ ಸಣ್ಣ ಆದ ಮ್ಯಾಲೆ, ಹಿಂಗ ಇರ್ಲೇನು ಅಂತ ಒಂದು ಡಬ್ಬಿ ಬರ್ತದ. ಎಸ್ ಒತ್ರಿ."

"ಒತ್ತಲಿಲ್ಲಂದ್ರ?"

"ಕುಂತೋರಿಗಿ ಏನೂ ಕಾಣಸವಲ್ದು ಅಂತ ತಿಳ್ಕೊಂಡು, ತಾನ ಹೊಳ್ಳಿ ಮೊದಲಿನಂಗ ಆಗ್ತದ್ರಿ."

ಸಿ.ಡಿ.ಗೆ ಗೀರು ಬಿದ್ದೀತೆಂದು ಅದನ್ನು ರೊಟ್ಟಿ ಕಟ್ಟಿದ್ದ ಬಟ್ಟೆಯಲ್ಲಿ ಸುತ್ತಿ, ಕಲ್ಯಾಣದವರೆಗೆ ಎರಡೂ ಕೈಯಲ್ಲಿ ಹಿಡಿದುಕೊಂಡು ಹೋದೆ. ಪಕ್ಕದಲ್ಲಿ ಕೂತಿದ್ದ ಅಜ್ಜಿ ಪ್ರಸಾದವೆಂದು ತಿಳಿದು ಕೈ ಮುಗಿದಳು.

ಅವತ್ತು ಮಾನಿಟರಿನ ವೈರು ಸಡಿಲಾಗಿತ್ತು. ಹಿಂದಿನಿಂದ ಒತ್ತಿ ಹಿಡಿಯದಿದ್ದರೆ ಪರದೆ ಹಳದಿಯಾಗುತ್ತಿತ್ತು. ಹಾಗಾಗಿ ಡ್ರೈವರ್ ಹಾಕಿ, ಅಕ್ಷರ ಸಣ್ಣದಾಗಿಸುವ ಕಡೆಯ ಗುಂಡಿಗೆ ಬಂದಾಗ ಮೌಸನ್ನು ಆಪಾ ಕೈಗೆ ಕೊಟ್ಟು ನಾನು ಮೇಜಿನ ಹಿಂದೆ ಕೂತೆ. ಶಾಕ್ ಹೊಡೆದೀತೆಂದು ಕಣ್ಣು ಮುಚ್ಚಿಕೊಂಡೇ ವೈರು ಹಿಡಿದಿದ್ದೆ.

"ಆಪಾ, ಡಬ್ಬಿ ಬಂತೇನ್ರಿ?"

"ಏನೋ ಬಂದಂಗಾತು. ಹೋತು."

ಎದ್ದು ನೋಡಿದರೆ ಅಕ್ಷರಗಳು ಮತ್ತೆ ದಪ್ಪಗಾಗಿದ್ದವು. ಇನ್ನೊಮ್ಮೆ ಮಾಡಿದೆ. ಮತ್ತೆ ಹಾಗೇ ಆಯಿತು. "ಎಸ್ ಒತ್ತಿದ್ರೇನ್ರಿ?" ಎಂದರೆ "ತಡಿ, ಒತ್ತತೀನಿ" ಎಂದರು. ಮುಂದಿನ ಸಲ ನಾನು ಕಣ್ಣು ಬಿಟ್ಟು ಮಾನಿಟರಿನ ಮೇಲಿಂದ ಇಣುಕಿದೆ. ಆಪಾ ಮುಖ ಗಾಜಿಗೆ ತಾಗುವಷ್ಟು ಹತ್ತಿರವಿತ್ತು. ಡಬ್ಬಿ ಪರದೆಯ ನಡುವೆ ಇದ್ದರೆ ಅವರು ಮೂಲೆಯಲ್ಲೆಲ್ಲೋ ಹುಡುಕುತ್ತಿದ್ದರು. ಕಣ್ಣಿನಿಂದ ನೀರು ಇಳಿಯುತ್ತಿತ್ತು. ಡಬ್ಬಿ ಕಾದು ಕಾದು ಹೋಯಿತು.

ಕುಂತೋರಿಗಿ ಏನೂ ಕಾಣಸವಲ್ದು ಎಂಬ ಅಂಗಡಿಯವನ ಮಾತು ಆಗ ತಲೆಯೊಳಗೆ ಬಂತು. ನನ್ನ ಜೀವಮಾನದ ಅಂಜಿಕೆಗಳೆಲ್ಲ ಅದರ ಮುಂದೆ ಹುಡುಗಾಟವೆನಿಸಿದವು.

"ಯಾವಾಗಿಂದ್ರಿ ಆಪಾ?"

"ಹೋದ ರಮಜಾನಿಂದ. ಕಾಣಸ್ತದ, ಮಂಜು ಮಂಜು."

"ಡಾಕ್ಟರಿಗಿ ತೋರಿಸಿರೇನು?"

"ತೋರಿಸಿದ್ರ ಹೌದು ಅಂತಾರ, ತಂಗಿ. ತೋರಿಸ್ಲಿಲ್ಲಂದ್ರ ಅಷ್ಟು ದಿನ ಇಲ್ಲ ಅಂತನ ಇರ್ತದ." ಸೆರಗಿನಿಂದ ಕಣ್ಣೊರೆಸಿಕೊಂಡರು. "ನಮ್ಮ ಅಮ್ಮೀಗಿ ಹಿಂಗ ಸುರು ಆಗಿತ್ತು. ಆಮ್ಯಾಲೆ ನನ್ನ ಮಾರಿ ಮುಟ್ಟಿ ಮುಟ್ಟಿ ಯಾರು ಅಂತ ಕೇಳ್ತಿದ್ಳು. ಮಾಲಕರಿಗಿ ಹೇಳಬ್ಯಾಡ."

ಅಷ್ಟರಲ್ಲಿ ಕಾಶಪ್ಪನವರೇ ಒಳಗೆ ಬಂದರು. "ಆತೇನವ್ವಾ?" ಎಂದರು. "ಡ್ರೈವರ್ ಹಿಡೀವಲ್ದ್ರಿ" ಎಂದೆ. ಅವರು ನಂಬಿ ಹೋದರು. ಆಪಾ ಕಡೆ ತಿರುಗಿ, ನನಗೇ ಗೊತ್ತಿರದ ದನಿಯಲ್ಲಿ ಹೇಳಿದೆ: "ನೀವು ನನ್ನ ಜೋಡಿ ಹುಮನಾಬಾದಿಗಿ ಕಣ್ಣಿನ ಡಾಕ್ಟರ ಕಡಿ ಬರೋತನಾ ಇದು ಹಿಡಿಯಂಗಿಲ್ಲ."

ಸುಗ್ಗಿ ಮುಗಿಯುವವರೆಗೂ ಅವರು ಬರಲಿಲ್ಲ. ಕೊನೆಗೊಂದು ದಿನ ಬಂದರು. ಬಸ್ಸಿನಲ್ಲಿ ದಾರಿಯುದ್ದಕ್ಕೂ ನನ್ನ ಮಣಿಕಟ್ಟು ಹಿಡಿದುಕೊಂಡಿದ್ದರು, ಕಿಟಕಿಯಾಚೆ ಏನು ಬಂತು ಏನು ಹೋಯಿತು ಎಂದು ಕೇಳುತ್ತಿದ್ದರು. ತೊಗರಿ ಹೊಲ ಎಂದೆ, ಸೇತುವೆ ಎಂದೆ, ಲಾರಿ ಎಂದೆ. ಕಣ್ಣಿನ ಡಾಕ್ಟರು ಬಹಳ ಹೊತ್ತು ನೋಡಿದರು. ಎಡಗಣ್ಣಿನ ಪೊರೆ ತೆಗೆಯಬಹುದು, ಬಲಗಣ್ಣಿನ ನರ ಒಣಗಿದೆ, ಅದಕ್ಕೆ ತಡವಾಯಿತು ಎಂದರು. ಆಪಾ ಒಂದೇ ಮಾತು ಕೇಳಿದರು. "ಉಳದದ್ದು ಉಳೀತದೇನ್ರಿ?" ಡಾಕ್ಟರು ಹೌದು ಎಂದರು. ರಮಜಾನಿನಿಂದ ಅಂಜುತ್ತಿದ್ದ ಹೌದು ಎಂಬ ಮಾತು ಹೀಗೂ ಬರಬಹುದೆಂದು ಅವರಿಗೆ ಹೊಳೆದಿರಲಿಲ್ಲ.

ಆಪರೇಷನ್ನಿಗೆ ರಜೆ ಕೇಳುವಾಗ ಕಾಶಪ್ಪನವರಿಗೆ ಹೇಳಲೇಬೇಕಾಯಿತು. ಅವರು ತಮ್ಮ ಚಷ್ಮಾ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, "ನಾ ಇದ ಇಲ್ದ ಬಾಗಲಾ ಯಾವದು ಗ್ವಾಡಿ ಯಾವದು ತಿಳಿಯಂಗಿಲ್ಲ, ನನ್ನ ಯಾರರೆ ತಗದಾರೇನು? ಮೊದಲ ಹೇಳಬಾರದೇನ್ರಿ ಆಪಾ" ಎಂದರು. ಪೊರೆ ತೆಗೆದ ಎಡಗಣ್ಣು ತಿಳಿಯಾಯಿತು, ಬಲಗಣ್ಣಿನ ದೃಷ್ಟಿ ಹಿಂದಿರುಗಲಿಲ್ಲ. ಪರದೆಯಂತೆ ತಾನಾಗಿ ಮೊದಲಿನಂತಾಗುವುದು ಕಣ್ಣಿಗೆ ಗೊತ್ತಿಲ್ಲ. ಆದರೆ ಆಪಾ ಆಮೇಲೂ ಎಷ್ಟೋ ವರ್ಷ ಆ ಕುರ್ಚಿಯಲ್ಲಿ ದೊಡ್ಡಕ್ಷರ ಇಟ್ಟುಕೊಂಡು ಕೂತರು.

ಇಷ್ಟೆಲ್ಲ ನೆನೆಯುವಷ್ಟರಲ್ಲಿ ರೇಖಾ ಡ್ರೈವರ್ ಹಾಕಿ ಮುಗಿಸಿದ್ದಳು. "ಎಸ್ ಒತ್ರಿ ಅಕ್ಕಾ" ಎಂದು ಮೌಸನ್ನು ನನ್ನ ಕಡೆ ಸರಿಸಿದಳು. ಡಬ್ಬಿ ಬಂದಿತ್ತು. ಅದರೊಳಗೆ ಬೂದು ಗೆರೆಗಳಂಥದೇನೋ ಇತ್ತು. ನಿಮಗೆ ಹೇಳಲೇನು, ಕೆಲವು ತಿಂಗಳಿಂದ ಸಣ್ಣ ಅಕ್ಷರದ ಕಾಗದ ಬಂದರೆ, ಚಷ್ಮಾ ಮನೆಯಲ್ಲಿದೆ ಎಂದು ರೇಖಾಳ ಕೈಗೆ ಕೊಟ್ಟುಬಿಡುತ್ತಿದ್ದೆ. ಚಷ್ಮಾ ನನ್ನ ಚೀಲದಲ್ಲೇ ಇರುತ್ತಿತ್ತು. ಹಾಕಿಕೊಂಡರೂ ಕಾಣುತ್ತಿರಲಿಲ್ಲ.

"ಒತ್ರಿ ಅಕ್ಕಾ, ಹೋಗ್ತದ ಅದು."

"ನನಗ ಕಾಣವಲ್ದು, ರೇಖಾ" ಎಂದೆ.

ಅವಳು ನನ್ನ ಮುಖ ನೋಡಿದಳು. ಡಬ್ಬಿ ತಾನಾಗಿ ಹೋಯಿತು, ಅಕ್ಷರಗಳು ಮತ್ತೆ ದೊಡ್ಡವಾದವು. ಮಧ್ಯಾಹ್ನ ಅಂಗಡಿಯನ್ನು ಅವಳಿಗೆ ಒಪ್ಪಿಸಿ ಕಣ್ಣಿನ ಡಾಕ್ಟರ ಕಡೆ ನಡೆದೆ. ಅಂಜಿಕೆ ಹೋಗಿರಲಿಲ್ಲ, ಅದೂ ಜೊತೆಗೆ ಬಂತು.