ಅತ್ತೆ ತಿದ್ದಿದ ಕ್ಷಮಾಪಣೆ

ನಮ್ಮತ್ತೆ ಜಯಲಕ್ಷ್ಮೀ ಪುರಸೈವಾಕ್ಕಂನ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ನಿವೃತ್ತಿಯೆಲ್ಲ ಶಾಲೆಗೆ ಮಾತ್ರ. ಮನೆಯಲ್ಲಿ ಪಾಠ ಇವತ್ತಿಗೂ ನಿಂತಿಲ್ಲ. ನಾನು ಮದುವೆಯಾಗಿ ಮೈಸೂರಿನಿಂದ ಚೆನ್ನೈಗೆ ಬಂದ ಹೊಸತು. ತಮಿಳು ಬಾರದು, ಈ ಮನೆಯವರ ಕನ್ನಡವೂ ಅರ್ಧ ತಮಿಳು. ಒಂದು ದಿನ, "ಲೋನ್ಲಿ ಅನ್ನಿಸ್ತಿದೆ ಅತ್ತೆ" ಎಂದುಬಿಟ್ಟೆ. ಅವರು ಹುರಳಿಕಾಯಿ ಹೆಚ್ಚುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. "ಮನೇಲಿ ಯಾರೂ ಇಲ್ಲದೆ ಇದ್ರೆ ಅದು ಅಲೋನ್. ಎಲ್ಲರೂ ಇದ್ದೂ ಹಾಗನ್ನಿಸಿದ್ರೆ ಲೋನ್ಲಿ. ನಿಂದು ಯಾವುದಮ್ಮಾ, ನಂದಿತಾ?"

ನಾನು ಅತ್ತುಬಿಟ್ಟೆ. ಅವತ್ತಿನಿಂದ ಅತ್ತೆ ಸಂಜೆ ಪೇಟೆಗೆ ಹೊರಟರೆ ನನ್ನನ್ನು ಬಿಟ್ಟು ಹೋದವರಲ್ಲ. "ಒಂದೇ ಕೆಲಸಕ್ಕೆ ಎರಡು ಸೌಟು ಯಾರಾದರೂ ಇಟ್ಕೋತಾರಾ? ಎರಡು ಪದ ಇದೆ ಅಂದ್ರೆ ಎರಡು ಕೆಲಸ ಇದೆ ಅಂತ" ಎನ್ನುವುದು ಅವರ ವೇದಾಂತ. ನನಗೆ ಎಷ್ಟೋ ಸಲ ರೇಗುತ್ತದೆ. ಹೊಟ್ಟೆ ಹಸಿದು ಕೂತಾಗ ಹಸಿವಿಗೂ ಹಪಾಹಪಿಗೂ ಇಂಗ್ಲಿಷಿನಲ್ಲಿರುವ ವ್ಯತ್ಯಾಸ ಯಾರಿಗೆ ಬೇಕು ಹೇಳಿ!

ಅತ್ತೆಗೆ ಇಬ್ಬರು ತಮ್ಮಂದಿರು. ದೊಡ್ಡವರು ಪಲ್ಲಾವರಂನ ಮಧ್ವರಾಜ ಮಾವ, ಕಚೇರಿಯೊಂದರಲ್ಲಿ ದೊಡ್ಡ ಅಧಿಕಾರಿಯಾಗಿದ್ದವರು. ಚಿಕ್ಕವರು ವಡಪಳನಿಯ ವಿಠ್ಠಲ ಮಾವ. ಹಾಸಿಗೆ ಹಿಡಿದ ತಾಯಿ ಕೊನೆಯವರೆಗೂ ಇದ್ದದ್ದು ವಿಠ್ಠಲ ಮಾವನ ಮನೆಯಲ್ಲೇ. ಮೀಯಿಸಿ, ತಿನ್ನಿಸಿ, ಮಗುವಿನಂತೆ ನೋಡಿಕೊಂಡರು. ಮಧ್ವರಾಜ ಮಾವನಿಗೆ ಒಂದು ದಿನ ಮೊಳಕಾಲು ನೋವು, ಇನ್ನೊಂದು ದಿನ ಟ್ರಾಫಿಕ್ಕು. ಅಂಥವರು, ಅಜ್ಜಿ ತೀರಿಕೊಂಡ ಮೇಲೆ ವೈಕುಂಠ ಸಮಾರಾಧನೆಯ ದಿನ, ಊಟಕ್ಕೆ ಕೂತ ನೆಂಟರೆಲ್ಲರ ಎದುರು ತಮ್ಮನಿಗೆ ಹೇಳಿದರು: "ಆಸ್ಪತ್ರೆಗೆ ಲೇಟಾಗಿ ಸೇರಿಸಿದೆ. ಇದು ಪ್ಯೂರ್ ನೆಗ್ಲಿಜೆನ್ಸ್."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ವಿಠ್ಠಲ ಮಾವ ಎಲೆ ಬಿಟ್ಟು ಎದ್ದು ಹೋದರು. ಆಮೇಲೆ ಅಣ್ಣತಮ್ಮಂದಿರಿಗೆ ಮಾತಿಲ್ಲ.

ಮೊದಲ ವರ್ಷದ ಶ್ರಾದ್ಧ ಹತ್ತಿರ ಬಂತು. ವಿಠ್ಠಲ ಮಾವ ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿದರು: "ಅವನು ಎಲ್ಲರೆದುರು ಅಂದ. ಎಲ್ಲರೆದುರೇ ಅಪಾಲಜೈಸ್ ಮಾಡ್ಲಿ. ಇಲ್ಲಾಂದ್ರೆ ನಾನು ಮಠದಲ್ಲಿ ಬೇರೆ ಮಾಡ್ಕೋತೀನಿ, ಶರಿಯಾ ಅಕ್ಕಾ?" ಅತ್ತೆ ಅವತ್ತು ಊಟ ಮಾಡಲಿಲ್ಲ. "ಒಬ್ಬಳೇ ಅಮ್ಮನಿಗೆ ಎರಡು ಕಡೆ ಪಿಂಡವೇನೇ?" ಎಂದು ಗೋಡೆ ನೋಡುತ್ತ ಕೂತರು.

ಮರುದಿನವೇ ನನ್ನನ್ನೂ ಎಳೆದುಕೊಂಡು ಪಲ್ಲಾವರಂಗೆ ಹೊರಟರು. ಎಲ್ಲರೆದುರು ಎಂದರೆ ಈಗ ಮನೆಮಂದಿಯ ವಾಟ್ಸಾಪ್ ಗ್ರೂಪು. ಅಲ್ಲಿ ಎಲ್ಲ ಇಂಗ್ಲಿಷೇ. ಇಲ್ಲಿ ಓದಿದ ಮಕ್ಕಳಿಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಬರೆದರೆ ತಿಳಿಯದು. ಮಧ್ವರಾಜ ಮಾವ ಆಗಲೇ ಒಂದು ಸಾಲು ಬರೆದಿಟ್ಟಿದ್ದರು: ಐ ರಿಗ್ರೆಟ್ ದಿ ಇನ್ಸಿಡೆಂಟ್. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ!

"ಇದು ನಡೆಯಲ್ಲ ಮಧು," ಎಂದರು ಅತ್ತೆ. "ರಿಗ್ರೆಟ್ ಅಂದ್ರೆ ಅಯ್ಯೋ, ಹಾಲು ಚೆಲ್ಲಿತಲ್ಲಾ ಅಂತ. ಅಪಾಲಜೈಸ್ ಅಂದ್ರೆ ಚೆಲ್ಲಿದ್ದು ನಾನು ಅಂತ."

"ಎರಡೂ ಒಂದೇ ಅಕ್ಕಾ. ಸುಮ್ಮಾ ಇರು."

"ಒಂದೇ ಆದ್ರೆ ನಾನು ಹೇಳಿದ್ದನ್ನೇ ಬರಿ."

ಮಾವ ಸಿಡುಕಿದರು. "ನಾನು ದೊಡ್ಡವನು! ಅಪ್ಪ ಯಾವತ್ತಾದ್ರೂ ನಮ್ಮ ಹತ್ತಿರ ತಪ್ಪಾಯ್ತು ಅಂದಿದ್ರಾ?"

"ಅಂದಿದ್ರೆ ನೀನು ಕಲೀತಿದ್ದೆ."

ನನಗೆ ನಗು ಬಂತು, ಕೆಮ್ಮಿ ಮುಚ್ಚಿಕೊಂಡೆ. ಮಾವ ಎರಡು ಸಲ ಬರೆದು ಅಳಿಸಿದರು. ಕೊನೆಗೆ ಬರೆದರು. ವಿಠ್ಠಲನಿಗೆ ನಾನು ಆಡಿದ ಮಾತು ತಪ್ಪು, ಐ ಅಪಾಲಜೈಸ್ ಎಂದು. ಕಳಿಸಿದ ಮೇಲೆ ಫೋನನ್ನು ಬೋರಲು ಹಾಕಿಟ್ಟರು. ಪಾಪ ಅನ್ನಿಸಿತು.

ನಾವು ಮನೆ ಸೇರುವ ಹೊತ್ತಿಗೆ ಉತ್ತರ ಬಂದಿತ್ತು: ಅಕ್ಸೆಪ್ಟೆಡ್. ಗ್ರೂಪಿನ ಮಕ್ಕಳೆಲ್ಲ ಕೈಮುಗಿಯುವ ಚಿತ್ರ ಹಾಕಿದರು. "ಸದ್ಯ, ಮುಗೀತಲ್ಲ ಅತ್ತೆ!" ಎಂದೆ.

ಅತ್ತೆಯ ಮುಖ ಅರಳಲಿಲ್ಲ. "ಅಕ್ಸೆಪ್ಟ್ ಮಾಡೋದು ಬಾಗಿಲಲ್ಲಿ ನಿಂತು ಪಾರ್ಸಲ್ ಇಸ್ಕೊಂಡ ಹಾಗೆ ಕಣೇ. ಫರ್ಗಿವ್ ಅನ್ನೋದು ಬೇರೆ. ಅದನ್ನು ಅವನು ಬರೀಲಿಲ್ಲ ನೋಡು." ನನಗೆ ಈ ಸಲ ರೇಗಲಿಲ್ಲ. ಅವರು ಹೇಳಿದ್ದು ನಿಜವೆಂದು ನನಗೂ ಗೊತ್ತಿತ್ತು.

ಶ್ರಾದ್ಧದ ದಿನ ವಿಠ್ಠಲ ಮಾವ ಪಲ್ಲಾವರಂಗೆ ಬಂದರು. ಆಚಾರ್ಯರು ಹೇಳಿದಂತೆ ಇಬ್ಬರೂ ಅಕ್ಕಪಕ್ಕ ನಿಂತು ಕರ್ಮ ಮುಗಿಸಿದರು. ಅಷ್ಟು ಹೊತ್ತೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಬ್ರಾಹ್ಮಣರ ಊಟವಾಗಿ ಮನೆಯವರು ಎಲೆಯ ಮುಂದೆ ಕೂತಾಗ ಮಧ್ಯಾಹ್ನ ಇಳಿದಿತ್ತು. ಅತ್ತೆ ಸಾರಿನ ಪಾತ್ರೆ ಹಿಡಿದು ಬಡಿಸುತ್ತಿದ್ದರು, ಮುಂದೆ ನಾನು ಅನ್ನ. ಮಧ್ವರಾಜ ಮಾವ ಕಲಸಿದ ಅನ್ನವನ್ನೇ ಮತ್ತೆ ಮತ್ತೆ ಕಲಸುತ್ತಿದ್ದರು. ಆಮೇಲೆ ತಲೆಯೆತ್ತದೆ ಕೇಳಿದರು:

"ವಿಠ್ಠೂ, ಕಡೇಲಿ ಅಮ್ಮ ನನ್ನ ಕೇಳಿದ್ಲೇನೋ?"

ಚುಚ್ಚಬೇಕೆಂದಿದ್ದರೆ ವಿಠ್ಠಲ ಮಾವನಿಗೆ ಅದಕ್ಕಿಂತ ಒಳ್ಳೆಯ ಸಮಯವಿರಲಿಲ್ಲ.

"ದಿನಾ ಕೇಳ್ತಿದ್ಲು. ಮಧು ಬಂದ್ನಾ ಅಂತ."

"ನೀನೇನಂದೆ?"

"ಬಂದಿದ್ದ ಅಮ್ಮಾ, ನೀನು ನಿದ್ದೆ ಮಾಡ್ತಿದ್ದೆ. ಎಬ್ಬಿಸಬೇಡ ಅಂತ ಹೇಳಿ ತಲೆ ಸವರಿ ಹೋದ ಅಂತಿದ್ದೆ." ವಿಠ್ಠಲ ಮಾವ ಎಡಗೈಯನ್ನು ತಮ್ಮ ತಲೆಯ ಮೇಲಿಟ್ಟು ತೋರಿಸಿದರು. "ಹೌದಾ ಅಂತ ತಲೆ ಮುಟ್ಟಿ ನೋಡ್ಕೋತಿದ್ಲು."

ಮಧ್ವರಾಜ ಮಾವನಿಗೆ ತಡೆಯಲಾಗಲಿಲ್ಲ. ಬಲಗೈ ಎಂಜಲು, ಎಡಗೈ ಚಾಚಿ ತಮ್ಮನ ಭುಜ ಹಿಡಿದುಕೊಂಡು, ಅಷ್ಟು ಜನರ ನಡುವೆ ಚಿಕ್ಕ ಹುಡುಗನಂತೆ ಅತ್ತರು.

ವಿಠ್ಠಲ ಮಾವ ಆ ಕೈಯನ್ನು ಸರಿಸಲಿಲ್ಲ. ಅಣ್ಣನ ಎಲೆಯ ಕಡೆ ನೋಡಿ, "ಊಟ ಮಾಡು ಅಣ್ಣಾ, ಆರೋಗತ್ತೆ" ಎಂದರು. ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಇಬ್ಬರ ಎಲೆಗೂ ಬಿಸಿ ಸಾರು ಬಡಿಸಿದರು.