ತಕ್ಕಡಿಯ ಕೆಳಗಿನ ಬೆಸುಗೆ

ವರ್ತೂರಿನ ಮುನೀಂದ್ರನಿಗೆ ಹೇಸಿಗೆ ಬಲು ಬೇಗ. ಕೊಳಚೆ ಸೇರಿದ ಕೆರೆಯ ನೊರೆ ರಸ್ತೆಗೆ ಹಾರಿಬರುತ್ತಿದ್ದ ದಿನಗಳಲ್ಲಿ ಮನೆಯ ಕಿಟಕಿಗಳಿಗೆಲ್ಲ ಹಳೆಯ ಸೀರೆ ತುರುಕಿ, ಒಳಗೆ ಊದುಬತ್ತಿ ಹಚ್ಚಿಕೊಂಡು ಕೂರುತ್ತಿದ್ದ. "ಊರಲ್ಲಿ ಎಲ್ರಿಗೂ ಇರೋದು ಒಂದೇ ಕೆರೆ. ನಿಮ್ಗೊಬ್ರಿಗೇ ಇಷ್ಟುದ್ದ ಮೂಗು," ಎಂದು ಹೆಂಡತಿ ಶಾಂತಿ ರೇಗಿಸುವಳು. ಅಂಥವನಿಗೆ ಗಂಟುಬಿದ್ದದ್ದು ತೂಕದ ಯಂತ್ರಗಳ ರಿಪೇರಿ. ಪೀಣ್ಯದ ಕಾರ್ಖಾನೆಯೊಂದರಲ್ಲಿ ಚೊಕ್ಕ ಮೇಜಿನ ಮುಂದೆ ಕೂತು ಹೊಸ ಯಂತ್ರಗಳ ತೂಕ ತಾಳೆ ನೋಡುತ್ತಿದ್ದಷ್ಟು ಕಾಲ ಸುಖವಾಗಿದ್ದ. ಅದು ಮುಚ್ಚಿದ ಮೇಲೆ ಸ್ವಂತಕ್ಕೆ ಇಳಿದ. ಕೋಳಿ ಅಂಗಡಿ, ಮೀನಿನ ಗೋಡೌನು, ಹಿಂಡಿ ಮಂಡಿ, ಹೀಗೆ ತಕ್ಕಡಿ ಕೆಡುವುದೆಲ್ಲ ಗಲೀಜಿನ ನಡುವೆಯೇ ಎಂದು ಆಗ ಗೊತ್ತಾಯಿತು. ಬ್ಯಾಗಿನಲ್ಲಿ ಸ್ಕ್ರೂಡ್ರೈವರ್ ಮರೆತಾನು, ಸೋಪು ಮರೆಯುತ್ತಿರಲಿಲ್ಲ.

ಒಂದು ಬೆಳಿಗ್ಗೆ ಕಾಡುಗೋಡಿಯಿಂದ ಭಾವ ಚಿಕ್ಕಬೈರಪ್ಪ ಫೋನ್ ಮಾಡಿದ. ಮುನೀಂದ್ರನ ಅಕ್ಕ ಗೌರಿಯ ಗಂಡ ಅವನು. ಜಮೀನು ಮಾರಿದ ಮೇಲೆ ಉಳಿದ ಜಾಗದಲ್ಲಿ ಬಾಡಿಗೆ ರೂಮುಗಳನ್ನು ಕಟ್ಟಿ, ಅದರ ಮುಂದೆಯೇ ಗುಜರಿ ಅಂಗಡಿ ಇಟ್ಟಿದ್ದ. "ತಕ್ಕಡೀಲಿ ನಂಬರೇ ಬರ್ತಿಲ್ಲ ಕಣಪ್ಪಾ. ಪೂರ್ತಿ ಕಪ್ಪಗೈತೆ. ಮಾಲು ತಂದೋರು ಬಾಗಿಲಲ್ಲಿ ನಿಂತವ್ರೆ, ಬೇಗ ಬಾ."

ಮುನೀಂದ್ರ ಹೋದಾಗ ಅಂಗಡಿ ಮುಂದೆ ತಳ್ಳುಗಾಡಿಗಳು ಸಾಲುಗಟ್ಟಿದ್ದವು. ಮುಂದಿನ ಗಾಡಿ ನಾಗಲಕ್ಷ್ಮಮ್ಮನದು. ಅಪಾರ್ಟ್‌ಮೆಂಟುಗಳಿಂದ ರಟ್ಟು, ಬಾಟಲಿ ಆಯ್ದು ತರುವ ನರೆತ ಹೆಂಗಸು. ಒಳಗೆ ಕಾಲಿಟ್ಟರೆ ಹುಳಿ ಬಿಯರು, ಕೊಳೆತ ಹಾಲಿನ ಪ್ಯಾಕೆಟ್ಟು, ಇಲಿ ಉಚ್ಚೆ, ಎಲ್ಲ ಒಟ್ಟಿಗೆ ಮುಖಕ್ಕೆ ರಾಚಿತು. ಅವನು ಕರ್ಚೀಫನ್ನು ಮೂಗಿಗೆ ಕಟ್ಟಿಕೊಂಡ. "ನಿಮ್ಮಪ್ಪ ಸಗಣಿ ಎತ್ತಿದೋನು, ನೀನ್ಯಾವಾಗ ದೊರೆ ಆದ್ಯೋ?" ಎಂದು ಚಿಕ್ಕಬೈರಪ್ಪ ನಕ್ಕ.

ಮುನೀಂದ್ರ ಮೊದಲು ಪ್ಲಗ್ ಪಾಯಿಂಟ್ ನೋಡಿದ. ಕರೆಂಟು ಇತ್ತು. ವೈರು ನೆಟ್ಟಗಿತ್ತು. ಫ್ಯೂಸು ಹೋಗಿರಲಿಲ್ಲ. ಡಿಸ್‌ಪ್ಲೇ ಪೆಟ್ಟಿಗೆ ಬಿಚ್ಚಲು ಹೋದರೆ ಯಾರೂ ಒಳಗೆ ಕೈಯಾಡಿಸದಂತೆ ಹಾಕುವ ಸರ್ಕಾರದ ಮುದ್ರೆಯ ಸೀಸದ ಗುಂಡೂ ತಂತಿಯೂ ಅಲ್ಲಿರಲಿಲ್ಲ. ಯಾರೋ ಕಿತ್ತಿದ್ದರು. ಮುಚ್ಚಳ ತೆಗೆದದ್ದೇ ತಡ, ಜಿರಲೆಗಳು ಗುಂಪಾಗಿ ಅವನ ಮಣಿಕಟ್ಟಿನ ಮೇಲೆ ಹರಿದವು. ಹೌಹಾರಿ ಕೈ ಕೊಡವಿದ. ಹೊರಗೆ ಹೋಗಿ ಉಗಿದು, ಸೋಪು ಹಚ್ಚಿ ಕೈ ತೊಳೆದು, ಮತ್ತೆ ಬಂದು ಕೂತ.

ಜಿರಲೆ ಹಿಕ್ಕೆಯನ್ನು ಬ್ರಷ್ಷಿನಿಂದ ಗುಡಿಸಿದ ಮೇಲೆ ಒಳಗಿನ ಸರ್ಕ್ಯೂಟ್ ಬೋರ್ಡು ಕಂಡಿತು. ಒಂದು ಮೂಲೆ ಸುಟ್ಟು ಕರಕಲಾಗಿತ್ತು. ಆದರೆ ಕರೆಂಟು ಒಳಬರುವ ಕಡೆಯಲ್ಲ. ತಟ್ಟೆಯ ಕೆಳಗಿರುವ ಲೋಡ್ ಸೆಲ್ಲಿನಿಂದ, ಅಂದರೆ ಭಾರವನ್ನು ಗ್ರಹಿಸುವ ಕಬ್ಬಿಣದ ತುಂಡಿನಿಂದ ತಂತಿ ಬರುವ ಕಡೆ. ಸುಡುವಷ್ಟು ಕರೆಂಟು ಕೆಳಗಿನಿಂದ ಬರುವುದಾದರೂ ಹೇಗೆ?

"ಭಾವ, ಇದ್ರ ಮೇಲೆ ಯಾರಾದ್ರೂ ವೆಲ್ಡಿಂಗ್ ಮಾಡಿದ್ರಾ?"

"ಯಾವ ವೆಲ್ಡಿಂಗು? ಏನಿಲ್ಲ. ನೀನು ಬೋರ್ಡ್ ಬದ್ಲಾಯ್ಸು, ಸಾಕು."

ಆ ಮಾತು ಬಂದ ವೇಗವೇ ಸರಿಯಿರಲಿಲ್ಲ. ಮುನೀಂದ್ರ ತಟ್ಟೆಗೆ ಕೈ ಹಾಕಿದ. ಒಬ್ಬನಿಂದ ಆಗುವ ಕೆಲಸವಲ್ಲ. ನಾಗಲಕ್ಷ್ಮಮ್ಮ ತಾನಾಗಿಯೇ ಬಂದು ಇನ್ನೊಂದು ಬದಿ ಹಿಡಿದಳು. ತಟ್ಟೆ ಎದ್ದಿತು. ಕೆಳಗೆ ಕಪ್ಪು ಲೋಳೆ, ಅದರಲ್ಲಿ ಅಂಟಿಕೊಂಡು ಸತ್ತ ಇಲಿ. ಅದರ ಪಕ್ಕದಲ್ಲಿ ಚೌಕಟ್ಟಿಗೆ ಬೆಸೆದ ದಪ್ಪ ಕಬ್ಬಿಣದ ಪಟ್ಟಿ. ಬೆಸುಗೆ ಹೊಚ್ಚಹೊಸದು, ಇನ್ನೂ ನೀಲಿ ಬಣ್ಣ ಮಾಸಿರಲಿಲ್ಲ.

ಮುನೀಂದ್ರನಿಗೆ ಎಲ್ಲ ತಿಳಿಯಿತು. ಸಣ್ಣ ಚೀಲ ಇಟ್ಟರೆ ತೂಕ ಸರಿಯಾಗಿಯೇ ಬರುತ್ತದೆ. ದೊಡ್ಡ ಮೂಟೆ ಇಟ್ಟಾಗ ತಟ್ಟೆ ಬಗ್ಗಿ ಆ ಪಟ್ಟಿಯ ಮೇಲೆ ಕೂರುತ್ತದೆ. ಅಲ್ಲಿಂದಾಚೆಗಿನ ಭಾರವನ್ನೆಲ್ಲ ಪಟ್ಟಿಯೇ ಹೊತ್ತುಕೊಳ್ಳುತ್ತದೆ, ಅಂಕಿಯಲ್ಲಿ ಅದು ಕಾಣುವುದೇ ಇಲ್ಲ. ಲೋಡ್ ಸೆಲ್ಲಿನ ವೈರು ಕಳಚದೆ ವೆಲ್ಡಿಂಗ್ ಮಾಡಿದ್ದರಿಂದ ಆ ಕರೆಂಟು ಮೇಲೇರಿ ಬೋರ್ಡು ಸುಟ್ಟಿತ್ತು.

"ಇದೇನಪ್ಪಾ ಇದು?" ಎಂದಳು ನಾಗಲಕ್ಷ್ಮಮ್ಮ.

"ಮೊದ್ಲಿಂದ್ಲೂ ಇದ್ದದ್ದು, ನೀನು ಆ ಕಡೆ ಹೋಗಮ್ಮಾ," ಎಂದು ಚಿಕ್ಕಬೈರಪ್ಪ ಗದರಿದ.

ಅವಳು ಕದಲಲಿಲ್ಲ. "ಮೊದ್ಲು ಇಲ್ಲಿ ಇಟ್ಟಿಗೆ ಚೂರು ಇತ್ತು. ಕಸ ಅಂದ್ಕೊಂಡು ನಾನೇ ಒಂದ್ಸಲ ಕಿತ್ತು ಬಿಸಾಕಿದ್ದೆ." ಇಷ್ಟು ದಿನ ಈ ಕೆಲಸ ಆ ಇಟ್ಟಿಗೆಯದು, ಅದು ಹೋಯಿತೆಂದೇ ಕೀಳಲಾಗದ ಪಟ್ಟಿ ಬಂದಿದೆ ಎಂದು ಮುನೀಂದ್ರನಿಗೆ ಹೊಳೆಯಿತು. ಅವಳು ಅವನ ಕಡೆ ತಿರುಗಿದಳು. "ಎತ್ತೋವಾಗ ಮೂಟೆ ಕೈ ಮುರಿಯಂಗೈತೆ, ಇಲ್ಲಿಟ್ರೆ ಅಗುರ. ನನ್ ತೋಳಲ್ಲೇ ಶಕ್ತಿ ಓಯ್ತು ಅಂತ ಆಸ್ಪತ್ರೆಗೋಗಿ ಟಾನಿಕ್ ಬರೆಸ್ಕೊಂಡೆ. ಕುಡೀತಾನೇ ಇದೀನಿ."

ಜಿರಲೆಗೂ ಇಲಿಗೂ ತಡೆದಿದ್ದ ಮುನೀಂದ್ರನ ಹೊಟ್ಟೆ ಈ ಮಾತಿಗೆ ತಡೆಯಲಿಲ್ಲ. ಹೊರಗೆ ಓಡಿ ಮೋರಿಯ ಪಕ್ಕ ವಾಂತಿ ಮಾಡಿದ. ಬಾಯಿ ಒರೆಸಿಕೊಂಡು ಬಂದವನು ಗಾಡಿಯವರಿಗೆಲ್ಲ ಕೇಳುವಂತೆ ಹೇಳಿದ: "ಅಮ್ಮಾ, ನಿನ್ ತೋಳು ಸರಿಯಾಗೈತೆ. ಕೆಟ್ಟಿರೋದು ಈ ತಕ್ಕಡಿ. ಕೆಡ್ಸಿರೋದು ನಮ್ ಭಾವ."

ಚಿಕ್ಕಬೈರಪ್ಪ ಅವನ ಕೊರಳಪಟ್ಟಿಗೇ ಕೈ ಹಾಕಿದ. "ನನ್ ಮನೇಲಿ ಉಂಡು ನನ್ ಮೇಲೇ ಉಗೀತೀಯೇನ್ಲಾ?" ಗಲಾಟೆಗೆ ಗೌರಿ ಒಳಗಿನಿಂದ ಓಡಿಬಂದು ಇಬ್ಬರನ್ನೂ ಬಿಡಿಸಿದಳು. ತಟ್ಟೆಯ ಕೆಳಗಿನ ಕಬ್ಬಿಣದ ಪಟ್ಟಿಯ ಕಡೆ ಅವಳು ನೋಡಲೇ ಇಲ್ಲ. ಅದನ್ನು ಮುನೀಂದ್ರ ಗಮನಿಸಿದ.

"ನಿಂಗೂ ಗೊತ್ತಿತ್ತಾ ಅಕ್ಕ?"

"ಎಲ್ಲಾ ಅಂಗಡೀಲೂ ಇರೋದೇ ಬಿಡೋ," ಎಂದಳು ಮೆಲ್ಲಗೆ. "ಕೈ ತೊಳ್ಕೋ ಬಾ. ಅವರೆಕಾಳು ಸಾರು ಮಾಡಿದೀನಿ."

ಹೊರಗೆ ನಾಗಲಕ್ಷ್ಮಮ್ಮ ಗಾಡಿ ತಿರುಗಿಸಿದ್ದಳು. ಹಿಂದಿನವರೂ ಒಬ್ಬೊಬ್ಬರಾಗಿ ತಿರುಗಿಸಿದರು. ಮುನೀಂದ್ರ ಬ್ಯಾಗು ಎತ್ತಿಕೊಂಡು, ಊಟ ಮಾಡದೆ ಹೊರಟುಬಂದ.

ಚಿಕ್ಕಂದಿನಲ್ಲಿ ಅಕ್ಕ ತನ್ನ ತಟ್ಟೆಯಿಂದಲೇ ಅವನಿಗೆ ತುತ್ತು ಕೊಟ್ಟು ಸಾಕಿದ್ದಳು. ಯಾರ ಎಂಜಲಿಗೂ ಮುಖ ಸಿಂಡರಿಸುವವನಿಗೆ ಆ ಎಂಜಲು ಎಂದೂ ಹೇಸಿಗೆ ಅನ್ನಿಸಿರಲಿಲ್ಲ. ಈಗ ಅವರೆಕಾಳು ಸಾರು ಅಂದರೆ ಇಲಿ ಅಂಟಿದ ಆ ಲೋಳೆಯೇ ಕಣ್ಣಿಗೆ ಕಟ್ಟುತ್ತಿತ್ತು.

ಮಾಲು ಬರುವುದು ನಿಂತೇಹೋದಾಗ ಭಾವನೇ ಫೋನ್ ಮಾಡಿದ. ದನಿಯಲ್ಲಿ ಗತ್ತು ಹಾಗೆಯೇ ಇತ್ತು. "ಪಟ್ಟಿ ಕುಯ್ಸಿದೀನಿ. ಬಂದು ಬೋರ್ಡ್ ಹಾಕು." ಮುನೀಂದ್ರ ಹೋದ. ಚೌಕಟ್ಟು ಉಜ್ಜಿಸಿದ, ಹೊಸ ಲೋಡ್ ಸೆಲ್ಲು, ಹೊಸ ಬೋರ್ಡು ಹಾಕಿದ. ಅಂಕಿಗಳು ಕೆಂಪಗೆ ಮೂಡಿದವು. ನಾಲ್ಕು ಮೂಲೆಯಲ್ಲೂ ತೂಕದ ಕಲ್ಲಿಟ್ಟು ತಾಳೆ ನೋಡಿದ. ತೂಕ-ಅಳತೆ ಇಲಾಖೆಯವರು ಬಂದು ಮುದ್ರೆ ಒತ್ತುವವರೆಗೂ ಅಂಗಡಿ ತೆಗೆಯಕೂಡದು ಎಂದು ಪಟ್ಟು ಹಿಡಿದ. ಭಾವ ಗೊಣಗಿಕೊಂಡೇ ಒಪ್ಪಿದ. ಗಾಡಿಯವರು ಕೆಲವರು ಮರಳಿ ಬಂದರು. ನಾಗಲಕ್ಷ್ಮಮ್ಮ ಮಾತ್ರ ಬರಲಿಲ್ಲ. ಆ ಬಾಗಿಲ ಮುಂದೆ ಹಾದುಹೋಗುವಾಗ ಪ್ರತಿಸಲವೂ ನಿಂತು ಉಗಿದು ಹೋಗುತ್ತಾಳಂತೆ.

ಮುನೀಂದ್ರ ಹಬ್ಬಕ್ಕೆ ಈಗಲೂ ಅಕ್ಕನ ಮನೆಗೆ ಹೋಗುತ್ತಾನೆ. ಎಲೆ ಹಾಕಿದರೆ ಹೊಟ್ಟೆ ಸರಿಯಿಲ್ಲ ಅನ್ನುತ್ತಾನೆ. ಗೌರಿ ಬಲವಂತ ಮಾಡುವುದನ್ನು ಬಿಟ್ಟಿದ್ದಾಳೆ.